ಚೂರಿ ಓಡಿದ ಮೇಲೆ

೧೨ ನವೆಂಬರ್ ೧೯೭೮
ಮರಳುಗಾಡಿನಿಂದ

ಪ್ರೀತಿಯ ಬಿಲ್ಕಿಸ್ ಆಪಾಗೆ ತಮ್ಮ ಗುಲಾಮ್ ಹುಸೇನನ ಸಲಾಂ.

ಈ ಕಾಗದವನ್ನು ಅಮ್ಮಿಗೆ ಓದಿ ಹೇಳುವ ಮೊದಲು ನೀನೊಬ್ಬಳೇ ಓದು. ಉರ್ದುವಿನಲ್ಲಿ ಬರೆದರೆ ನೀನು ಪಕ್ಕದ ಮನೆಯವರಿಂದ ಓದಿಸಬೇಕಾಗುತ್ತದೆ. ಅದಕ್ಕೇ ಕನ್ನಡ. ಸುಮಿತ್ರಮ್ಮ ಟೀಚರ್ ಕಿವಿ ಹಿಂಡಿ ಕಲಿಸಿದ್ದು ಇಷ್ಟು ದೂರ ಬಂದ ಮೇಲೆ ಉಪಯೋಗಕ್ಕೆ ಬಂತು.

ಬೊಂಬಾಯಿಯ ಏಜೆಂಟ್ ಹೇಳಿದ ಕಂಪನಿ ಇಲ್ಲಿ ಇಲ್ಲವೇ ಇಲ್ಲ. ನಾನು ಮುತ್ಲಕ್ ಎಂಬ ಅರಬನ ಕಬೀಲೆಯ, ಅಂದರೆ ಬುಡಕಟ್ಟಿನ ಜೊತೆ ಒಂಟೆ ಕಾಯುತ್ತಿದ್ದೇನೆ. ಇವರಿಗೆ ಊರು ಅಂತ ಒಂದಿಲ್ಲ. ಹುಲ್ಲು ಕಂಡ ಕಡೆಗೆ ಗುಡಾರ ಕಿತ್ತುಕೊಂಡು ಹೋಗುವುದು. ನೀರು ತರಲು ಒಂದು ಪಿಕಪ್ ಇದೆ, ಅದನ್ನು ಓಡಿಸುವವನೂ ನಾನೇ. ಆದ್ದರಿಂದ ಡ್ರೈವರ್ ಕೆಲಸ ಅಂತ ಅಮ್ಮಿಗೆ ಹೇಳಿದರೆ ಪೂರಾ ಸುಳ್ಳಾಗುವುದಿಲ್ಲ.

ಮೊದಲ ದಿನ ಮರ್ಯಾದೆ ಹೋಯಿತು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟರು. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಹಾಕಿದ ಕಷಾಯ. ಕುಡಿದೆ. ಮತ್ತೆ ಹಾಕಿದರು. ನಮ್ಮ ಕಡೆ ಕೊಟ್ಟ ಕಾಫಿ ಬೇಡ ಅಂದರೆ ಮುಖ ಊದಿಸಿಕೊಳ್ಳುತ್ತಾರಲ್ಲ, ಹಾಗಾಗಿ ಹಾಕಿದಷ್ಟೂ ಕುಡಿದೆ. ಕೊನೆಗೆ ಮುತ್ಲಕ್‌ನ ಮಗ ಗಾನಿಮ್ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ಸಾಕಾದರೆ ಖಾಲಿ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕಂತೆ. ಅಲ್ಲಿವರೆಗೂ ಹಾಕುತ್ತಲೇ ಇರುತ್ತಾರಂತೆ. ಗಾನಿಮ್‌ಗೂ ನನ್ನಷ್ಟೇ ವಯಸ್ಸು.

ಆಮೇಲೆ ಮುತ್ಲಕ್ ನನ್ನ ತಂದೆ ಯಾರು ಅಂತ ಕೇಳಿದ. ಶಿಕಾರಿಯಲ್ಲಿ ಸತ್ತ ಅಂದೆ. ಬಿಡಲಿಲ್ಲ, ಎಲ್ಲಾ ಹೇಳಿಸಿದ. ಅಬ್ಬಾ ಮತ್ತು ಅವನ ತಮ್ಮ ಹಸನ್ ಚಾಚಾ ಕಡಹಿನಬೈಲಿನ ಆಚೆ ಕಾಡುಕುರಿ ಹೊಡೆಯಲು ಹೋಗುತ್ತಿದ್ದದ್ದು, ಚಾಚಾನ ಕೈಯಲ್ಲಿ ಕೋವಿ, ಅಬ್ಬಾನ ಕೈಯಲ್ಲಿ ಚೂರಿ. ಪ್ರಾಣಿಯ ಜೀವ ಹೋಗುವ ಮೊದಲೇ ಓಡಿಹೋಗಿ ಬಿಸ್ಮಿಲ್ಲಾ ಹೇಳಿ ಕೊಯ್ಯದಿದ್ದರೆ ಮಾಂಸ ಹಲಾಲ್ ಆಗುವುದಿಲ್ಲ. ಅದಕ್ಕೇ ನಮ್ಮವರಲ್ಲಿ ಒಂದು ಕಟ್ಟು: ಚೂರಿ ಓಡಿದ ಮೇಲೆ ಕೋವಿ ಇಳಿಸಬೇಕು. ಅವತ್ತು ಮೊದಲ ಗುಂಡು ಕಾಡುಕುರಿಗೆ, ಎರಡನೆಯದು ಓಡುತ್ತಿದ್ದ ಅಬ್ಬಾಗೆ. ಪೊದೆ ಅಲ್ಲಾಡಿದ್ದು ಕಂಡು ಇನ್ನೊಂದು ಕುರಿ ಅಂದುಕೊಂಡೆ ಎಂದು ಚಾಚಾ ಕೋರ್ಟಿನಲ್ಲಿ ಹೇಳಿದ್ದು. ನಿನ್ನನ್ನು ಅವನ ಮಗನಿಗೆ ಕೊಡುವುದಿಲ್ಲ ಅಂತ ಅಬ್ಬಾ ಅಂದಿದ್ದಕ್ಕೆ ಅವರಿಬ್ಬರೂ ಅದಕ್ಕೆ ಮುಂಚೆ ಮಾತು ಬಿಟ್ಟು, ಶಿಕಾರಿಗೆ ಮಾತ್ರ ಜೊತೆಗೆ ಹೋಗುತ್ತಿದ್ದದ್ದು.

ಕೊಂದವನು ಎಲ್ಲಿದ್ದಾನೆ ಅಂತ ಮುತ್ಲಕ್ ಕೇಳಿದ. ಜೈಲಿನಲ್ಲಿ, ಇನ್ನು ಸ್ವಲ್ಪ ಕಾಲಕ್ಕೆ ಬಿಡುತ್ತಾರೆ ಅಂದೆ. "ಹಾಗಾದರೆ ನೀನಿನ್ನೂ ಗಂಡಸಾಗಿಲ್ಲ" ಎಂದು ಹೇಳಿ ಕಾಫಿಯ ಪಾತ್ರೆ ಒಳಗೆ ಕಳಿಸಿದ. ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಕಾಗದವನ್ನು ಇಲ್ಲಿನ ಪೇಟೆಯ ಮಲಬಾರಿ ಹೋಟೆಲಿನ ವಿಳಾಸಕ್ಕೆ ಹಾಕು. ನೀರಿಗೆ ಹೋದಾಗ ತೆಗೆದುಕೊಳ್ಳುತ್ತೇನೆ.

ಗುಲಾಮ್


೨೦ ಜನವರಿ ೧೯೭೯
ನರಸಿಂಹರಾಜಪುರ

ಗುಲಾಮ್‌ಗೆ ಬಿಲ್ಕಿಸ್ ಮಾಡುವ ಆಶೀರ್ವಾದ.

ಏನು ಮಾರಾಯ, ಕಾಫಿ ಕುಡಿದು ಕುಡಿದು ಹೊಟ್ಟೆ ಒಡೆದುಕೊಂಡೆಯಾ? ಆ ಭಾಗ ಅಮ್ಮಿಗೆ ಓದಿದೆ. ಬಹಳ ದಿನದ ಮೇಲೆ ನಕ್ಕಳು. ಒಂಟೆಯ ವಿಷಯ ಹೇಳಲಿಲ್ಲ. ನೀನು ದೊಡ್ಡ ಕಂಪನಿಯ ಲಾರಿ ಓಡಿಸುತ್ತೀಯ, ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗುತ್ತೀಯ. ಹಾಗೆ ಹೇಳಿದ್ದೇನೆ, ನೀನೂ ಹಾಗೇ ನಡೆದುಕೋ.

ಉಳಿದದ್ದಕ್ಕೆ ನನ್ನ ಉತ್ತರ ಇಷ್ಟೇ. ಗಂಡಸಾಗುವುದಕ್ಕೆ ಅಲ್ಲಿಯ ಅರಬನ ಅಪ್ಪಣೆ ಬೇಕಾಗಿಲ್ಲ. ನೀನು ಹದಿನೆಂಟಕ್ಕೇ ಮನೆಯ ಭಾರ ಹೊರಲು ಹೋದೆ. ಅದು ಸಾಲದಾ? ಅಬ್ಬಾ ಹೋದದ್ದು ಹೋಯಿತು. ಕೋರ್ಟು ಕೊಟ್ಟ ಶಿಕ್ಷೆ ಚಾಚಾ ಅನುಭವಿಸುತ್ತಿದ್ದಾನೆ. ನನ್ನ ಹೊಲಿಗೆ ಮಿಷನ್ ಚೆನ್ನಾಗಿ ನಡೆಯುತ್ತಿದೆ. ಜಲಜಮ್ಮನ ಮಗಳ ಮದುವೆಗೆ ರವಿಕೆ ಎಲ್ಲಾ ನನ್ನದೇ.

ಆ ಮುಳ್ಳನ್ನು ಕಿತ್ತು ಬಿಸಾಕು. ಊಟ ಸರಿಯಾಗಿ ಮಾಡು.

ಬಿಲ್ಕಿಸ್


೩ ಆಗಸ್ಟ್ ೧೯೭೯
ಮರಳುಗಾಡಿನಿಂದ

ಪ್ರೀತಿಯ ಆಪಾ,

ಒಂದು ಸಂಗತಿ ನಡೆಯಿತು, ಅದನ್ನು ನಿನಗೆ ಬರೆಯದೆ ಇರಲಾರೆ.

ಮುತ್ಲಕ್‌ನ ಹಿರಿಯ ಮಗನನ್ನು ಬಾವಿಯ ಜಗಳದಲ್ಲಿ ಬೇರೆ ಕಬೀಲೆಯವನೊಬ್ಬ ಕೊಂದಿದ್ದ. ಗಾನಿಮ್‌ಗೆ ಅಣ್ಣ. ಆ ಕೊಂದವನ ಗಾಡಿ ಮೊನ್ನೆ ಮರಳಲ್ಲಿ ಹೂತು, ಅವನು ನೀರಿಲ್ಲದೆ ಅಲೆದು, ಕಣ್ಣಿಗೆ ಬಿದ್ದ ಮೊದಲ ಗುಡಾರಕ್ಕೆ ನುಗ್ಗಿದ. ಅದು ಇವರದೇ ಗುಡಾರ. ಅದರಲ್ಲೂ ಹೆಂಗಸರು ಇರುವ ಕಡೆ. ಗಾನಿಮ್ ಬಂದೂಕು ತೆಗೆದುಕೊಂಡು ಓಡಿದ. ಅಷ್ಟರಲ್ಲಿ ಮುತ್ಲಕ್‌ನ ತಾಯಿ, ಹಲ್ಲಿಲ್ಲದ ಮುದುಕಿ, ತಾನು ಹೊದ್ದಿದ್ದ ಕರಿ ಬಟ್ಟೆಯನ್ನು ತೆಗೆದು ಅವನ ಮೇಲೆ ಹಾಕಿಬಿಟ್ಟಳು. ಸತ್ತವನು ಅವಳ ಮೊಮ್ಮಗ, ಆಪಾ! ಆದರೂ ಹಾಕಿದಳು.

ಹೆಂಗಸು ಬಟ್ಟೆ ಹೊದೆಸಿದವನನ್ನು ಯಾರೂ ಮುಟ್ಟುವ ಹಾಗಿಲ್ಲ. ಅದು ಇವರ ಕಟ್ಟು. ಗಾನಿಮ್ ಬಂದೂಕು ಕೆಳಗಿಟ್ಟ. ತನ್ನ ಅಣ್ಣನನ್ನು ಕೊಂದವನಿಗೆ ತಾನೇ ಕಾಫಿ ಬಗ್ಗಿಸಿ ಕೊಟ್ಟ. ಒಂದು ಹನಿ ಚೆಲ್ಲಲಿಲ್ಲ. ನನಗೆ ಅಳು ಬಂತು. ಬಂದವನು ಚೇತರಿಸಿಕೊಳ್ಳುವವರೆಗೆ ಇವರ ಅನ್ನವನ್ನೇ ತಿಂದ. ಆಮೇಲೆ ನೀರು, ಖರ್ಜೂರ ಕಟ್ಟಿಕೊಟ್ಟು ಕಳಿಸಿದರು.

ಇಂಥ ಜನ ಇವರು.

ಗುಲಾಮ್


೯ ನವೆಂಬರ್ ೧೯೭೯
ನರಸಿಂಹರಾಜಪುರ

ಗುಲಾಮ್,

ಆ ಮುದುಕಿಯ ಸಂಗತಿ ಬರೆದ ಕಾಗದವನ್ನು ಅಮ್ಮಿ ಮತ್ತೆ ಮತ್ತೆ ಓದಿಸಿದಳು. ಒಂಟೆಯ ವಿಷಯ ಮುಚ್ಚಿಡಲು ಆಗಲಿಲ್ಲ, ಬೈದಳು, ಅತ್ತಳು, ಈಗ ಒಂಟೆ ಏನು ತಿನ್ನುತ್ತದೆ ಅಂತ ಕೇಳುತ್ತಾಳೆ. "ಆ ಬುಡ್ಡಿಯ ಕೈ ಹಿಡ್ಕೊಂಡು ನನ್ನ ಸಲಾಂ ಹೇಳು ಅಂತ ಬರಿ" ಅಂದಳು. ಮರೆಯದೆ ಹೇಳು.

ಅಮ್ಮಿಗೆ ಒಂದು ಅನುಮಾನ. ಹೋದವನು ಊರು ಮುಟ್ಟಿದನಾ? ಅಷ್ಟು ದೂರ ಒಬ್ಬನೇ ನಡೆದು ಹೋದನಾ? ದಾರಿಯಲ್ಲಿ ಯಾರಾದರೂ ಗಾಡಿ ಹತ್ತಿಸಿಕೊಂಡರಾ? ದಿನಾ ಅದೇ ಮಾತು. ಬರೆದು ತಿಳಿಸು, ಮುದುಕಿಯರ ಮನಸ್ಸು ಗೊತ್ತಲ್ಲ.

ಹಸನ್ ಚಾಚಾನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಭದ್ರಾವತಿಗೆ ಹೊರಟುಹೋದಳು. ಮನೆಗೆ ಬೀಗ. ಬೇರೆ ವಿಶೇಷ ಇಲ್ಲ.

ಬಿಲ್ಕಿಸ್


೧೪ ಮಾರ್ಚ್ ೧೯೮೦
ಮರಳುಗಾಡಿನಿಂದ

ಆಪಾ,

ನನ್ನನ್ನೂ ಗಾನಿಮ್‌ನನ್ನೂ ಈಗ ಗಂಡಸರ ಸಾಲಿನಲ್ಲಿ ಕೂರಿಸುತ್ತಾರೆ. ಮುತ್ಲಕ್ ನನಗೆ ಬೆಳ್ಳಿ ಹಿಡಿಯ ಬಾಕು ಕೊಟ್ಟಿದ್ದಾನೆ. ಅಷ್ಟೇ ಅಲ್ಲ. ಇವರಲ್ಲಿ ಕಾಫಿಯ ಮೊದಲ ಬಟ್ಟಲು ಮನೆಯವನದು, ಎರಡನೆಯದು ಬಂದವನದು, ಮೂರನೆಯದು ಖುಷಿಗೆ, ನಾಲ್ಕನೆಯದು ಕತ್ತಿಯದು. ಅದನ್ನು ಕುಡಿದವನು ಇವರ ಜೊತೆ ಹೋರಾಡಲು ಒಪ್ಪಿದ ಹಾಗೆ. ನಾನು ಬಂದ ದಿನ ಗೊತ್ತಿಲ್ಲದೆ ಕುಡಿದೆ. ಈಗ ಗೊತ್ತಿದ್ದೇ ಕುಡಿಯುತ್ತೇನೆ.

ಹಸನ್ ಯಾವಾಗ ಹೊರಗೆ ಬರುತ್ತಾನೆ? ಬಂದರೆ ಎಲ್ಲಿರುತ್ತಾನೆ? ಸರಿಯಾಗಿ ವಿಚಾರಿಸಿ ಬರೆ.

ಗುಲಾಮ್ ಹುಸೇನ್


೨೫ ಜೂನ್ ೧೯೮೦
ನರಸಿಂಹರಾಜಪುರ

ಗುಲಾಮ್,

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಒಂಟೆ ಕಾಯುವವನಿಗೆ ಬೆಳ್ಳಿ ಬಾಕು. ತೆಂಗಿನಕಾಯಿ ಸುಲಿಯಲು ಬರುತ್ತದಾ ಅದು?

ಇಲ್ಲಿ ಮಳೆ ಹಿಡಿದಿದೆ. ಭದ್ರೆಯ ಹಿನ್ನೀರು ಮೇಲೆ ಬರುತ್ತಿದೆ, ಮೀನು ಅಗ್ಗ. ಗೋದಾವರಿ ನೆನಪಿದ್ದಾಳಲ್ಲ, ನನ್ನ ಜೊತೆ ಓದಿದವಳು, ಶೃಂಗೇರಿಯಲ್ಲಿ ಯಾತ್ರಿಕರಿಗೆ ಬಾಡಿಗೆ ಕೋಣೆ ಇಟ್ಟಿದ್ದಾಳೆ. ಕೆಲಸಕ್ಕೆ ಬಾ ಅಂತ ಕರೆದಳು. ಮನೆ ಬಿಟ್ಟು ಹೋಗುವ ಹಾಗಿಲ್ಲ ಅಂದೆ. ಅಮ್ಮಿಯ ಹಳೆಯ ಎದೆನೋವು ಹಾಗೇ ಇದೆ. ಮನೆಗೆ ಅಕ್ಕಿ ಈಗ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಜಗುಲಿಗೆ ತಟ್ಟಿ ಕಟ್ಟಿಸಿದೆ, ಎರಚಲು ಬೀಳಬಾರದು ಅಂತ.

ಹಸನ್‌ನ ವಿಚಾರ ನನಗೆ ತಿಳಿಯದು. ನೀನೂ ಅಮ್ಮಿಯ ಪ್ರಶ್ನೆಗೆ ಉತ್ತರ ಬರೆಯಲಿಲ್ಲ.

ಬಿಲ್ಕಿಸ್


೧೭ ಫೆಬ್ರವರಿ ೧೯೮೧
ಕೊಪ್ಪ

ಬಿಲ್ಕಿಸ್ ಆಪಾ,

ನಾನು ಕೊಪ್ಪದಲ್ಲಿದ್ದೇನೆ. ನಿನ್ನೆ ಮಂಗಳೂರಿನ ಬಸ್ಸು ಇಳಿದು ಕಲ್ಲೇಶಪ್ಪನ ಹೋಟೆಲಿಗೆ ಹೋದೆ. ಗಡ್ಡ ನೋಡಿ ಅವನಿಗೆ ಗುರುತು ಸಿಗಲಿಲ್ಲ. ಸಿಕ್ಕಿದ ಮೇಲೆ ಬಾಯಿ ತಡೆಯಲಿಲ್ಲ. "ಅಲ್ಲ ಮಾರಾಯ, ನಿಮ್ಮಪ್ಪನ್ನ ಹೊಡೆದೋನು ಈಗ ನಿಮ್ಮನೆ ಜಗುಲೀಲೇ ಕೂತಿರ್ತಾನಲ್ಲ, ನಿಂಗೆ ಗೊತ್ತಿಲ್ವಾ?" ಅಂದ. ಹೋಟೆಲು ಪೂರ್ತಿ ನನ್ನ ಮುಖ ನೋಡಿತು.

ಜಾಸ್ತಿ ಅಕ್ಕಿ ಯಾರಿಗೆ ಅಂತ ಈಗ ಗೊತ್ತಾಯಿತು. ಎರಚಲು ಯಾರಿಗೆ ಬೀಳಬಾರದು ಅಂತಲೂ. ನೀನು ನನಗೆ ಸುಳ್ಳು ಬರೆದೆ. ಅಬ್ಬಾ ಕೂರುತ್ತಿದ್ದ ಜಾಗದಲ್ಲಿ ಅವನನ್ನು ಕೂರಿಸಿ ಅನ್ನ ಹಾಕುತ್ತಿದ್ದೀರಿ. ನಿಮಗೆ ನಾಚಿಕೆ ಆಗುವುದಿಲ್ಲವಾ?

ನಾಡಿದ್ದು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಷ್ಟರೊಳಗೆ ಅಮ್ಮಿಯನ್ನು ನಾರ್ವೆ ಹಳ್ಳಿಗೆ, ಅವಳ ತಂಗಿ ಖಾಲಾ ಮನೆಗೆ ಕರೆದುಕೊಂಡು ಹೋಗು. ನೀವಿಬ್ಬರೂ ಅಲ್ಲಿ ಇರಬಾರದು. ಈ ಕಾಗದವನ್ನು ಕಂಡಕ್ಟರ್ ರೇಣುಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಗುಲಾಮ್ ಹುಸೇನ್


೧೭ ಫೆಬ್ರವರಿ ೧೯೮೧, ಸಂಜೆ
ನರಸಿಂಹರಾಜಪುರ

ಗುಲಾಮ್,

ರೇಣುಕಪ್ಪ ಬಸ್ಸು ನಿಲ್ಲಿಸಿಕೊಂಡು "ಬೇಗ ಬರಿ ಮಾರಾಯ್ತಿ, ಡ್ರೈವರ್ ಬೈತಾನೆ" ಎನ್ನುತ್ತಿದ್ದಾನೆ. ಅಕ್ಷರ ಹೇಗಿದ್ದರೂ ಓದಿಕೋ.

ಹೌದು, ಸುಳ್ಳು ಬರೆದೆ. ಹಸನ್ ಚಾಚಾ ಹೋದ ರಂಜಾನಿಗೆ ಮುಂಚೆಯೇ ಬಂದ. ಜೈಲಿನಲ್ಲಿ ಎರಡೂ ಕಣ್ಣು ಹೋಗಿವೆ. ಭದ್ರಾವತಿಗೆ ಹೋದರೆ ಹೆಂಡತಿ ಬಾಗಿಲು ತೆಗೆಯಲಿಲ್ಲ. ಯಾರೋ ಬಸ್ಸು ಹತ್ತಿಸಿ ಇಲ್ಲಿ ಇಳಿಸಿಹೋದರು. ಗೋಡೆ ತಡವಿಕೊಂಡು ಬಂದು ನಮ್ಮ ಬಾಗಿಲಲ್ಲಿ ಬಿದ್ದ. "ಭಾಭಿ, ನನ್ನ ಏನಾದ್ರೂ ಮಾಡಿ" ಅಂದ. ನನಗೆ ಮೈಯೆಲ್ಲಾ ಉರಿಯಿತು. ಒಲೆಯ ಮುಂದಿದ್ದ ಮಚ್ಚು ಕೈಗೆ ಬಂದಿತ್ತು, ನಿನ್ನಾಣೆ. ಆಗ ಅಮ್ಮಿ ಒಳಗಿಂದ ಕೂಗಿದಳು: "ಬಿಲ್ಕಿಸ್, ಆ ಬುಡ್ಡಿ ಏನು ಮಾಡಿದ್ಲು?"

ನಾನು ತಲೆಗೆ ಹೊದ್ದಿದ್ದ ನನ್ನ ಹಸಿರು ಓಢನಿ ತೆಗೆದು ಅವನ ಮೇಲೆ ಹಾಕಿದೆ. ಅವತ್ತಿನಿಂದ ಅವನು ಅದನ್ನು ಬಿಟ್ಟು ಕೂರುವುದಿಲ್ಲ.

ಬೇಕೆಂದೇ ಹೊಡೆದೆಯಾ ಅಂತ ಒಂದು ದಿನ ಕೇಳಿಬಿಟ್ಟೆ. "ಗೊತ್ತಿಲ್ಲ ಮಗಾ. ಚೂರಿ ಓಡಿದ್ದು ಗೊತ್ತಿತ್ತು. ಕೋವಿ ಇಳಿಸ್ಬೇಕು ಅಂತಾನೂ ಗೊತ್ತಿತ್ತು. ಕೈ ಯಾಕೆ ಎತ್ತಿದೆ ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ" ಅಂದ. ಸುಳ್ಳು ಹೇಳುವವನು ಇದಕ್ಕಿಂತ ಒಳ್ಳೆಯದನ್ನು ಹೇಳುತ್ತಿದ್ದ.

ಹೆಂಗಸು ಬಟ್ಟೆ ಹೊದೆಸಿದವನನ್ನು ಯಾರೂ ಮುಟ್ಟುವ ಹಾಗಿಲ್ಲ. ನೀನೇ ಬರೆದದ್ದು. ಅಲ್ಲಿಯ ಕಟ್ಟು ಕಲಿತು ಬಂದವನು ಇಲ್ಲಿ ಮುರಿಯುತ್ತೀಯಾ? ನಾವು ನಾರ್ವೆಗೆ ಹೋಗುವುದಿಲ್ಲ.

ಬಿಲ್ಕಿಸ್


೧೮ ಫೆಬ್ರವರಿ ೧೯೮೧
ಕೊಪ್ಪ

ಆಪಾ,

ನೀನು ಅರ್ಧ ಕಟ್ಟನ್ನು ಮಾತ್ರ ತಿಳಿದಿದ್ದೀಯ. ತಪ್ಪು ನನ್ನದೇ, ನಾನು ಅಷ್ಟೇ ಬರೆದದ್ದು. ಆ ಬಟ್ಟೆಯ ಕಾವಲು ಮೂರು ದಿನ. ಆಮೇಲೆ ಅವನು ಗುಡಾರ ದಾಟಿ ಹೋದರೆ ಹಳೆಯ ಲೆಕ್ಕ ಹಳೆಯದೇ.

ಅಮ್ಮಿ ಕೇಳಿದ್ದಳಲ್ಲ, ಅವನು ಊರು ಮುಟ್ಟಿದನಾ ಅಂತ. ಮುಟ್ಟಲಿಲ್ಲ. ಅವನನ್ನು ಕಳಿಸಿದ ಮೇಲೆ ಮುತ್ಲಕ್ ಗಾನಿಮ್‌ನನ್ನು ನೋಡಿದ, ನನ್ನನ್ನು ನೋಡಿದ. ಪಿಕಪ್ ಓಡಿಸಿದವನು ನಾನು. ಒಣಗಿದ ಹಳ್ಳವೊಂದರಲ್ಲಿ ಸಿಕ್ಕಿದ. ನಾವು ಕೊಟ್ಟ ನೀರನ್ನೇ ಕುಡಿಯುತ್ತ ಕೂತಿದ್ದ. ಗಾನಿಮ್ ಹೊಡೆದ. ಗುಂಡು ಕಾಲಿಗೆ ಬಿತ್ತು. ಗಾನಿಮ್ ಬಂದೂಕು ಕೆಳಗೆ ಹಾಕಿ ವಾಂತಿ ಮಾಡಿಕೊಂಡ. ಆ ಮನುಷ್ಯ ಹೇಗೋ ಎದ್ದು ನಿಂತು ಎರಡು ಕೈಯನ್ನೂ ಮೇಲೆತ್ತಿದ. ಎರಡನೇ ಗುಂಡಿಗೆ ಬಿದ್ದ. ಗಂಡಸರ ಸಾಲಿನಲ್ಲಿ ಜಾಗ ಕೊಟ್ಟದ್ದು, ಬಾಕು ಕೊಟ್ಟದ್ದು ಇದಕ್ಕೇ.

ನೀನು ಓಢನಿ ಹಾಕಿ ಎಷ್ಟು ತಿಂಗಳಾಯಿತು? ಅದರ ಕಾಲ ಎಂದೋ ಮುಗಿದಿದೆ.

ಗುಲಾಮ್ ಹುಸೇನ್


೧೮ ಫೆಬ್ರವರಿ ೧೯೮೧, ಸಂಜೆ
ನರಸಿಂಹರಾಜಪುರ

ಗುಲಾಮ್,

ಆ ಮುದುಕಿ ಒಂದು ಸಲ ಹೊದೆಸಿ ಸುಮ್ಮನಾದಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಚಾಚಾನ ಮುಖ ತೊಳೆಸಿ ದಿನಾ ಬೆಳಿಗ್ಗೆ ನನ್ನ ಕೈಯಾರೆ ಹೊದೆಸುತ್ತೇನೆ. ನಾಳೆಯೂ ಹೊದೆಸುತ್ತೇನೆ. ಅವನು ಈ ಜಗುಲಿ ದಾಟಿ ಎಲ್ಲಿಗೂ ಹೋಗಿಲ್ಲ. ನಿನ್ನ ಮೂರು ದಿನ ಇಲ್ಲಿ ಶುರುವೇ ಆಗಿಲ್ಲ.

ಇನ್ನೊಂದು ಮಾತು. ನಿನ್ನ ಕಾಗದದಲ್ಲಿ ಎರಡು ಗುಂಡು ಇವೆ. ಮೊದಲನೆಯದು ಗಾನಿಮ್‌ನದು. ಅವನು ಬಂದೂಕು ಕೆಳಗೆ ಹಾಕಿದ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಎರಡನೇ ಗುಂಡು ಯಾರದು?

ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನೇ ಕೊಪ್ಪಕ್ಕೆ ಬರುತ್ತೇನೆ. ಅಲ್ಲಿಂದ ಕದಲಬೇಡ. ಬಾಯಲ್ಲೇ ಹೇಳುವಿಯಂತೆ. ಅಮ್ಮಿಗೆ ನೀನು ಬಂದದ್ದು ಇನ್ನೂ ಹೇಳಿಲ್ಲ, ಕೇಳಿದರೆ ಎದೆ ತಡೆಯುವುದಿಲ್ಲ ಎಂಬ ಹೆದರಿಕೆ.

ಬಿಲ್ಕಿಸ್


೩೦ ಆಗಸ್ಟ್ ೧೯೮೧
ನರಸಿಂಹರಾಜಪುರ

ಗುಲಾಮ್,

ಮಲಬಾರಿ ಹೋಟೆಲಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ನೀನು ಅಲ್ಲಿಗೇ ಹೋಗಿರುತ್ತೀಯ, ನಿನಗೆ ಇನ್ನೆಲ್ಲಿ ಜಾಗ. ಇಷ್ಟು ತಿಂಗಳು ಸಿಟ್ಟಿಗೆ ಬರೆಯಲಿಲ್ಲ. ಈಗ ಬರೆಯಲೇಬೇಕಾಗಿದೆ.

ಅವತ್ತು ನಾನು ಕೊಪ್ಪಕ್ಕೆ ಬಂದಾಗ ಹೋಟೆಲಿನಲ್ಲಿ ನೀನು ಹಿಡಿದಿದ್ದ ಕೋಣೆ ಖಾಲಿಯಾಗಿತ್ತು. ಕಲ್ಲೇಶಪ್ಪ "ಅವ ನಿನ್ನ ಕಾಗದ ಓದಿ, ಬೆಳಿಗ್ಗೆ ಮುಂಚೆನೇ ಬಾಳೆಹೊನ್ನೂರಿನ ಮೇಲೆ ನಿಮ್ಮೂರಿಗೆ ಹೋಗೋ ಬಸ್ಸು ಹತ್ತಿದ ಮಾರಾಯ್ತಿ" ಅಂದ. ನೀನು ಆ ಕಡೆಯಿಂದ ಬಂದೆ, ನಾನು ಈ ಕಡೆಯಿಂದ ಹೋದೆ. ತಿರುಗಿ ಬರುವಾಗ ದಾರಿಯುದ್ದಕ್ಕೂ ಚಾಚಾನ ಹೆಣವೇ ಕಣ್ಣ ಮುಂದೆ.

ಮನೆಗೆ ಬಂದರೆ ಚಾಚಾ ಜಗುಲಿಯಲ್ಲಿ ಓಢನಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಚೊಂಬು, ಲೋಟ. ಯಾರು ಬಂದಿದ್ದರು ಅಂತ ಕೇಳಿದೆ. "ಯಾರೋ ಗೊತ್ತಿಲ್ಲ ಮಗಾ. ಹತ್ರ ಬಂದು ಬಾಳ ಹೊತ್ತು ನಿಂತಿದ್ದ, ಉಸಿರು ಕೇಳ್ತಿತ್ತು. ದಣಿದು ಬಂದಿರ್ಬೇಕು, ಕೂತ್ಕೋ, ನೀರು ಕುಡಿ ಅಂತ ಬಗ್ಗಿಸಿ ಕೊಟ್ಟೆ. ಕುಡಿದ. ಇನ್ನೊಂದು ಲೋಟ ಕೊಡಾಣ ಅಂತ ಕೈ ಚಾಚಿದ್ರೆ, ಖಾಲಿ ಲೋಟ ಅತ್ತಿತ್ತ ಅಲ್ಲಾಡಿಸಿ ನನ್ನ ಕೈಗಿಟ್ಟು ಹೋದ. ಮಾತಿಲ್ಲ ಕತೆಯಿಲ್ಲ. ಹುಚ್ಚನೇನೋ" ಅಂದ.

ಸಾಕು ಅಂದೆ ನೀನು. ಅದು ಚಾಚಾಗೆ ತಿಳಿಯುವಂಥದ್ದಲ್ಲ. ನನಗೆ ತಿಳಿಯಿತು.

ಆದರೆ ಕೊಲ್ಲದೆ ಹೋದವನು ನೋಡದೆ ಯಾಕೆ ಹೋದೆ? ಅಮ್ಮಿ ಬಾಗಿಲ ಒಳಗೇ ಮಲಗಿದ್ದಳು. ಒಂದು ಹೊಸ್ತಿಲು ದಾಟಿದ್ದರೆ ಆಗುತ್ತಿತ್ತು. ಎಚ್ಚರವಾದ ಮೇಲೆ "ಜಗುಲೀಲಿ ಗುಲಾಮ ಕೆಮ್ಮಿದ ಹಾಗಾಯ್ತು" ಅಂದಳು. ರೇಷನ್ ಅಂಗಡಿಯವನು ಬಂದಿದ್ದ ಅಂದೆ. ಅಮ್ಮಿ ನನ್ನ ಮುಖವನ್ನೇ ನೋಡಿ, ಆ ಕಡೆ ತಿರುಗಿ ಮಲಗಿದಳು. ಹೋದ ಶುಕ್ರವಾರ ಅಮ್ಮಿ ತೀರಿಕೊಂಡಳು, ಗುಲಾಮ್. ಈ ಮಾತನ್ನು ಬರೆಯಲು ಇಷ್ಟು ಸುತ್ತಿ ಬಂದೆ. ಕಬರಸ್ತಾನಕ್ಕೆ ಹೊರುವವರ ಹಿಂದೆ ಚಾಚಾ ರೇಣುಕಪ್ಪನ ಕೈ ಹಿಡಿದು ಮಳೆಯಲ್ಲಿ ನಡೆದ. ಮಗ ಹಾಕಬೇಕಾದ ಮಣ್ಣನ್ನು ಅವನು ಹಾಕಿದ. ಅದಕ್ಕಾಗಿ ನಿನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎರಡನೇ ಗುಂಡು ಯಾರದು ಅಂತ ಕೇಳಿದ್ದೆ. ನೀನು ಉತ್ತರ ಬರೆಯಲಿಲ್ಲ. ಅಮ್ಮಿಯ ಹೊಸ್ತಿಲು ದಾಟಲು ನಿನ್ನಿಂದ ಆಗಲಿಲ್ಲವಲ್ಲ, ಅದೇ ಉತ್ತರ ಅಂದುಕೊಂಡಿದ್ದೇನೆ. ಕೈ ಯಾಕೆ ಎತ್ತಿದೆ ಅಂತ ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಬರುವ ಉತ್ತರ ಜಗುಲಿಯಲ್ಲಿ ಕೂತಿದೆ, ದಿನಾ ನೋಡುತ್ತೇನೆ.

ಅಲ್ಲಿ ಸತ್ತವನಿಗೂ ತಮ್ಮನೋ ಮಗನೋ ಇರುತ್ತಾನೆ. ಅವನಿಗೂ ಯಾರೋ ಕಾಫಿ ಬಗ್ಗಿಸಿ, ನೀನಿನ್ನೂ ಗಂಡಸಾಗಿಲ್ಲ ಎಂದು ಹೇಳುತ್ತಿರುತ್ತಾರೆ. ಅವನು ದೊಡ್ಡವನಾಗುವ ಮೊದಲು ಹೊರಟು ಬಾ. ಅಮ್ಮಿಯ ಬಿಳಿ ಓಢನಿಯನ್ನು ಯಾರಿಗೂ ದಾನ ಕೊಟ್ಟಿಲ್ಲ. ಒಗೆದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನೀನು ಬಾಗಿಲಿಗೆ ಬಂದರೆ ಸಾಕು, ಹೊದೆಸಲು ನಾನಿದ್ದೇನೆ.

ಬಿಲ್ಕಿಸ್